ಪೌಲನ ದಾರಿಯಲ್ಲಿ 8 ದಿನ: ಸೇವೆಗೆ ಹೊರಟ ಹೊಸ ಜೋಡಿಗೆ ಈ ಟೂರ್ ಬೇಕಾ?

ಮದುವೆಯಾಗಿ ಐದು ವಾರಕ್ಕೆ ನಾವಿಬ್ಬರೂ ಗ್ರೀಸ್‌ಗೆ ಹೋಗಿ ಬಂದೆವು, ಬೈಬಲಿನ ಅಪೊಸ್ತಲ ಪೌಲ ಯೇಸುವಿನ ಸುವಾರ್ತೆ ಸಾರುತ್ತ ಸುತ್ತಿದ ಊರುಗಳನ್ನು ತೋರಿಸುವ ಟೂರಿನಲ್ಲಿ. ಬಂದು ಮೂರು ವಾರಕ್ಕೆ ಮಿಷನ್ ಸೇವೆಗೆ, ಅಂದರೆ ಸುವಾರ್ತೆ ಸಾರುವ ಕೆಲಸಕ್ಕೆ, ಹೊರಟೆವು. ಈಗ ಇದನ್ನು ಬರೆಯುತ್ತಿರುವುದು ಹೊಸ ಭಾಷೆ ಕಲಿಯುವ ಕ್ಲಾಸಿನ ಬಿಡುವಿನಲ್ಲಿ. ನಮ್ಮ ಹಾಗೇ ಮಿಷನ್ ಕೆಲಸಕ್ಕೆ ತಯಾರಾಗುತ್ತಿರುವ ಎರಡು ಮೂರು ಜೋಡಿಗಳು ಆಗಲೇ ಕೇಳಿದ್ದಾರೆ, 'ಆ ಪೌಲನ ಹೆಜ್ಜೆಯ ಟೂರ್ ಹೇಗಿತ್ತು, ನಾವೂ ಬುಕ್ ಮಾಡಬಹುದಾ' ಅಂತ. ಒಬ್ಬರಿಗೆ ಹೋಗಿ ಅಂದೆ, ಇನ್ನೊಬ್ಬರಿಗೆ ಬೇಡ ಅಂದೆ, ಆಮೇಲೆ ಅವರಿಬ್ಬರೂ ಮಾತಾಡಿಕೊಂಡು ನನ್ನನ್ನೇ ಹಿಡಿದರು. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಕಂಪನಿಯ ಹೆಸರು ಹಾಕುವುದಿಲ್ಲ. ಅವರ ಜೊತೆ ಒಂದು ದುಡ್ಡಿನ ಲೆಕ್ಕ ಇನ್ನೂ ಮುಗಿದಿಲ್ಲ. ನಾವು ತಗೊಂಡದ್ದು 7 ರಾತ್ರಿ 8 ದಿನದ ಪ್ಯಾಕೇಜ್: ಥೆಸಲೋನಿಕ, ಫಿಲಿಪ್ಪಿ, ಕವಾಲ, ಬೆರೋಯ, ಮೆಟಿಯೋರಾ, ಅಥೆನ್ಸ್, ಕೊರಿಂಥ. ಬಸ್ಸಿನಲ್ಲಿ 36 ಜನ, ಅದರಲ್ಲಿ ಹೊಸ ಜೋಡಿ ನಾವೊಬ್ಬರೇ, ಮಿಕ್ಕವರಲ್ಲಿ ಮುಕ್ಕಾಲು ಪಾಲು ನಿವೃತ್ತರು. ಒಬ್ಬರಿಗೆ 1,290 ಯೂರೋ, ಅಥೆನ್ಸ್‌ವರೆಗಿನ ವಿಮಾನ ಬೇರೆ. 'ಸೇವೆಗೆ ಸಿದ್ಧರಾಗುವ ದಂಪತಿಗಳಿಗಾಗಿ' ಅಂತ ಅವರ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಇತ್ತು. ನಾವು ಮರುಳಾದದ್ದು ಅದಕ್ಕೇ.

ಮೊದಲು ದುಡ್ಡಿನ ಮಾತು ಮುಗಿಸಿಬಿಡೋಣ. ಸೇವೆಗೆ ಹೋಗುವವರು ಫಾರಿನ್ ಸುತ್ತಿ ಬಂದರೆ ಜನ ಸುಮ್ಮನಿರುತ್ತಾರಾ? 'ಕಾಣಿಕೆ ದುಡ್ಡಲ್ಲಿ ಹನಿಮೂನಾ' ಅಂತ ಒಬ್ಬರು ಮುಖದ ಮೇಲೇ ಕೇಳಿದರು. ಆ ರಾತ್ರಿ ನಿದ್ದೆ ಬರಲಿಲ್ಲ. ಆದರೆ ಅವರು ಕೇಳಿದ್ದು ತಪ್ಪು ಅಂತ ಇವತ್ತಿಗೂ ನನಗೆ ಅನ್ನಿಸುವುದಿಲ್ಲ, ತಮ್ಮ ಮನೆ ಖರ್ಚಿನಲ್ಲಿ ಉಳಿಸಿ ತಿಂಗಳು ತಿಂಗಳು ನಮಗೆ ಅಂತ ಎತ್ತಿಡುವವರು ಕೇಳದೆ ಇನ್ಯಾರು ಕೇಳಬೇಕು. ನಾವು ಹೋದದ್ದು ಮದುವೆಗೆ ಬಂದ ಮುಯ್ಯಿಯಲ್ಲಿ, ಜೊತೆಗೆ ನಾನು ಕೆಲಸ ಬಿಟ್ಟಾಗ ಕೈಗೆ ಬಂದ ಕೊನೆಯ ಲೆಕ್ಕದ ಹಣದಲ್ಲಿ. ಸೇವೆಯ ಖಾತೆ ಬೇರೆ, ನಮ್ಮ ಖಾತೆ ಬೇರೆ. ಟಿಕೆಟ್ ಮಾಡಿಸುವ ಮೊದಲೇ ಮಿಷನ್ ಆಫೀಸಿಗೆ ಒಂದು ಮೇಲ್ ಹಾಕಿ, ಇಷ್ಟು ಖರ್ಚು, ಇಂಥ ಕಡೆಯಿಂದ ಅಂತ ತಿಳಿಸಿದ್ದೆವು. ನೀವೂ ಹಾಗೇ ಮಾಡಿ. ನಮ್ಮ ಆಫೀಸಿನ ಹಿರಿಯರೊಬ್ಬರು ಬೈಬಲಿನ ಧರ್ಮೋಪದೇಶಕಾಂಡ 24:5 ತೆಗೆದು ತೋರಿಸಿದರು, ಹೊಸದಾಗಿ ಮದುವೆಯಾದವನು ಒಂದು ವರ್ಷ ಯುದ್ಧಕ್ಕೆ ಹೋಗಬಾರದು, ಮನೆಯಲ್ಲಿದ್ದು ಹೆಂಡತಿಯನ್ನು ಸಂತೋಷಪಡಿಸಬೇಕು ಅನ್ನುವ ವಚನ. 'ನಿಮಗೆ ವರ್ಷ ಕೊಡೋಕೆ ನಮ್ಮ ಕೈಲಿ ಆಗಲ್ಲಮ್ಮ, ಒಂದು ತಿಂಗಳು ತಗೊಳ್ಳಿ' ಅಂದು ನಕ್ಕರು.

ವೀಸಾ ಕೆಲಸದಲ್ಲಿ ಕಂಪನಿಗೆ ಪೂರ್ತಿ ಅಂಕ. ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾದ ಫೀಸು 2024ರ ಜೂನ್‌ನಿಂದ 90 ಯೂರೋ ಆಗಿದೆ, ಪ್ರಯಾಣ ವಿಮೆ ಕಡಿಮೆ ಅಂದರೆ 30,000 ಯೂರೋ ಮೊತ್ತದ್ದು ಇರಬೇಕು, ಹೋಟೆಲ್ ಕಾಗದ ದಿನದಿನಕ್ಕೂ ಹೊಂದಬೇಕು. ಇದೆಲ್ಲ ಅವರು ಅಚ್ಚುಕಟ್ಟಾಗಿ ಮಾಡಿಕೊಟ್ಟರು. ನಾನು ಕೆಲಸ ಬಿಟ್ಟಿದ್ದೆ, ನನ್ನ ಗಂಡನ, ಅಂದರೆ ಇವರ ಹತ್ತಿರವೂ ಸಂಬಳದ ಚೀಟಿ ಇರಲಿಲ್ಲ. ಕೆಲಸವಿಲ್ಲದ ಇಬ್ಬರು ಯುರೋಪಿಗೆ ಹೋಗುತ್ತೇವೆ ಅಂದರೆ ಯಾರು ನಂಬುತ್ತಾರೆ ಹೇಳಿ. ಮಿಷನ್ ಸಂಸ್ಥೆಯಿಂದ ಯಾವ ರೀತಿ ಪತ್ರ ತರಬೇಕು, ಇಂಥ ದಿನ ಕೆಲಸಕ್ಕೆ ಸೇರುತ್ತಾರೆ ಅಂತ ಅದರಲ್ಲಿ ಹೇಗೆ ಬರೆಸಬೇಕು ಅಂತ ಅವರ ಹುಡುಗಿ ಫೋನಿನಲ್ಲಿ ಒಂದೊಂದು ಸಾಲೂ ಹೇಳಿಕೊಟ್ಟಳು.

ಅದೇ ಕಂಪನಿ ನನ್ನ ಹೆಸರನ್ನು ಮಾತ್ರ ಕೆಡಿಸಿತು.

ನನ್ನ ಪಾಸ್‌ಪೋರ್ಟ್ ಮದುವೆಗೆ ಮೊದಲಿನದು, ಅದರಲ್ಲಿ ಅಪ್ಪನ ಹೆಸರಿದೆ. ಫಾರ್ಮಿನಲ್ಲಿ ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ತುಂಬಿದ್ದೆ. ಕೆಳಗೆ 'ಹೊಸ ದಂಪತಿಗಳಾ?' ಅಂತ ಒಂದು ಚೌಕ ಇತ್ತು, ಅದಕ್ಕೂ ಟಿಕ್ ಹಾಕಿದ್ದೆ, ಏನೋ ಕೇಕು ಗೀಕು ಕೊಡುತ್ತಾರೆ ಅಂದುಕೊಂಡು. ಅದನ್ನು ನೋಡಿದ ಯಾರೋ ಪುಣ್ಯಾತ್ಮರು ಅಥೆನ್ಸ್‌ನಿಂದ ಥೆಸಲೋನಿಕಕ್ಕೆ ಮಾಡಿದ ಒಳವಿಮಾನದ ಟಿಕೆಟ್ಟಿನಲ್ಲಿ ನನಗೆ ಇವರ ಹೆಸರು ಅಂಟಿಸಿಬಿಟ್ಟಿದ್ದರು. ಅಥೆನ್ಸ್ ಏರ್‌ಪೋರ್ಟಿನ ಕೌಂಟರಿನಲ್ಲಿ ಆ ಹೆಂಗಸು ಪಾಸ್‌ಪೋರ್ಟ್ ನೋಡಿದಳು, ಪರದೆ ನೋಡಿದಳು, ಮತ್ತೆ ಪಾಸ್‌ಪೋರ್ಟ್ ನೋಡಿದಳು, ಆಮೇಲೆ ಇವರ ಕಡೆ ತಿರುಗಿ 'ನಿಮ್ಮ ಹೆಂಡತಿ ಎಲ್ಲಿ' ಅಂದಳು. ನಾನು ಅಲ್ಲೇ ನಿಂತಿದ್ದೇನೆ, ಕೈ ಉಗುರಲ್ಲಿ ಇನ್ನೂ ಮೆಹಂದಿಯ ಬಣ್ಣ ಪೂರ್ತಿ ಹೋಗಿಲ್ಲ! ಗುಂಪಿನವರೆಲ್ಲ ಒಳಗೆ ಹೋದರು. ಕಂಪನಿಯ ತುರ್ತು ನಂಬರಿಗೆ ಏಳು ಸಲ ಮಾಡಿದೆವು, ಎಂಟನೇ ಸಲ ಎತ್ತಿದರು, 'ಈಗ ನೀವೇ ಕಟ್ಟಿಬಿಡಿ, ವಾಪಸ್ ಕೊಡುತ್ತೇವೆ' ಅಂದರು. ಹೆಸರು ತಿದ್ದಿಸಲು 80 ಯೂರೋ ಕಟ್ಟಿದೆವು. ಹೆಸರು ಬದಲಾಗದ ಪಾಸ್‌ಪೋರ್ಟ್ ಇರುವ ಹೊಸ ಮದುಮಗಳು ಯಾರೇ ಆಗಲಿ, ಟಿಕೆಟ್ ಬಂದ ದಿನವೇ ಅದರ ಒಂದೊಂದು ಅಕ್ಷರವನ್ನೂ ಪಾಸ್‌ಪೋರ್ಟಿನ ಪಕ್ಕ ಇಟ್ಟು ನೋಡಿ.

ಇಷ್ಟು ಬೈದ ಮೇಲೆ ಗೈಡ್ ಬಗ್ಗೆ ಹೇಳಲೇಬೇಕು. ಗ್ರೀಸ್‌ನಲ್ಲಿ ಹಳೆಯ ಅವಶೇಷಗಳ ಒಳಗೆ ನಿಂತು ವಿವರಿಸಬೇಕಾದರೆ ಲೈಸೆನ್ಸ್ ಇರುವ ಗೈಡೇ ಆಗಬೇಕು. ನಮಗೆ ಸಿಕ್ಕವರು ಐವತ್ತು ದಾಟಿದ ಹೆಂಗಸು, ಗ್ರೀಸ್‌ನ ಹೆಚ್ಚಿನ ಜನ ಸೇರಿರುವ ಹಳೆಯ ಕ್ರೈಸ್ತ ಸಭೆಯಾದ ಆರ್ಥೊಡಾಕ್ಸ್ ಸಭೆಯವರು, ಕೊಟ್ಟ ದುಡ್ಡಿನಲ್ಲಿ ಅರ್ಧ ಅವರೊಬ್ಬರಿಗೇ ಸಲ್ಲಬೇಕು. ಅವರಲ್ಲಿ ನನಗೆ ಹಿಡಿಸಿದ್ದು ಸುಳ್ಳು ಹೇಳದ ಗುಣ. ಫಿಲಿಪ್ಪಿಯಲ್ಲಿ ಪೌಲನನ್ನೂ ಅವನ ಜೊತೆಗಾರ ಸೀಲನನ್ನೂ ಇಟ್ಟಿದ್ದ ಸೆರೆಮನೆ ಅಂತ ಒಂದು ಸಣ್ಣ ಗುಹೆಯಂಥದ್ದನ್ನು ತೋರಿಸುತ್ತಾರಲ್ಲ, ಎಲ್ಲರೂ ಫೋಟೋ ತೆಗೆಯುತ್ತಿದ್ದಾಗ ಅವರು ಮೆಲ್ಲಗೆ 'ಇದು ನೀರಿನ ತೊಟ್ಟಿ ಆಗಿದ್ದಿರಬೇಕು, ಆಮೇಲಿನ ಕಾಲದವರು ಇದನ್ನೇ ಸೆರೆಮನೆ ಅಂತ ನಂಬಿ ಪೂಜ್ಯ ಮಾಡಿದರು' ಅಂದರು. ನಮ್ಮ ಹಿಂದಿದ್ದ ಒಬ್ಬ ಅಂಕಲ್‌ಗೆ ಸಿಟ್ಟೇ ಬಂತು. ಚೌಕದಲ್ಲಿ ಈಗ ಕಾಣುವ ಕಟ್ಟಡಗಳ ಪಾಯವೂ ಹೆಚ್ಚಿನದು ಪೌಲನ ನಂತರ, 2ನೇ ಶತಮಾನದಲ್ಲಿ ಹೊಸದಾಗಿ ಕಟ್ಟಿದ್ದು ಅಂತಲೂ ಹೇಳಿದರು. ಹಾಗಾದರೆ ಪೌಲ ನೋಡಿದ್ದು ಏನು ಉಳಿದಿದೆ ಅಂತ ನಾನು ಕೇಳಿದೆ. ಅವರು ಎಗ್ನಾತಿಯಾ ದಾರಿ ತೋರಿಸಿದರು. ರೋಮನ್ನರು ಪೌಲ ಹುಟ್ಟುವ ಮೊದಲೇ ಹಾಕಿದ್ದ ಹೆದ್ದಾರಿ ಅದು, ಊರಿನ ನಡುವೆಯೇ ಹಾದು ಹೋಗುತ್ತದೆ, ಕಲ್ಲು ಹಾಸಿನ ಮೇಲೆ ಗಾಡಿ ಚಕ್ರದ ಗೀರುಗಳು ಇನ್ನೂ ಇವೆ. ಬಗ್ಗಿ ಒಂದು ಗೀರಿನಲ್ಲಿ ಬೆರಳಿಟ್ಟೆ, ಎರಡು ಗೆಣ್ಣು ಒಳಗೆ ಹೋಯಿತು. ಯಾವ ಕಾಲದ ಗಾಡಿಯೋ ಏನೋ. ಫಿಲಿಪ್ಪಿ 2016ರಿಂದ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಯಲ್ಲಿದೆ. ಕಂಪನಿ ಅಲ್ಲಿಗೆ ಎರಡು ಗಂಟೆ ಕೊಟ್ಟಿತ್ತು, ಸಾಕಾಗುತ್ತದೆ.

ಅಲ್ಲಿಂದ ಸ್ವಲ್ಪ ದೂರಕ್ಕೆ ಲುದ್ಯಳ ಹೊಳೆ. ಪೌಲ ಯೆಹೂದ್ಯರ ವಿಶ್ರಾಂತಿ ದಿನವಾದ ಸಬ್ಬತ್ ದಿನ ಊರಬಾಗಿಲ ಆಚೆ ಹೊಳೆಯ ಬಳಿ ಪ್ರಾರ್ಥನೆಗೆ ಸೇರಿದ್ದ ಹೆಂಗಸರ ಜೊತೆ ಮಾತಾಡಿದ, ಅಲ್ಲಿ ಥುವತೈರದ ಲುದ್ಯ, ಧೂಮ್ರವರ್ಣದ, ಅಂದರೆ ಕೆನ್ನೇರಳೆ ಬಣ್ಣದ, ಬಟ್ಟೆ ಮಾರುವವಳು, ನಂಬಿದಳು, ಮನೆಯವರ ಜೊತೆ ದೀಕ್ಷಾಸ್ನಾನ ಮಾಡಿಸಿಕೊಂಡಳು. ಕತೆ ನಿಮಗೆಲ್ಲ ಗೊತ್ತಿದ್ದದ್ದೇ. ನಾನು ದೊಡ್ಡ ನದಿಯನ್ನು ಕಲ್ಪಿಸಿಕೊಂಡಿದ್ದೆ, ಹೋಗಿ ನೋಡಿದರೆ ಒಂದು ತೊರೆ, ಎರಡೂ ಕಡೆ ಕಲ್ಲಿನ ಮೆಟ್ಟಿಲು ಕಟ್ಟಿದ್ದಾರೆ, ಮರದ ನೆರಳು, ಪಕ್ಕದಲ್ಲಿ ಎಂಟು ಮೂಲೆಯ ಚಿಕ್ಕ ದೇವಾಲಯ. ಅಕ್ಟೋಬರ್ ಕೊನೆ, ನೀರು ಐಸ್ ಥರ ಇತ್ತು. ಇವರು ಶೂ ಬಿಚ್ಚಿ ಕಾಲಿಟ್ಟು 'ಅಯ್ಯೋ' ಅಂದದ್ದಕ್ಕೆ ಅಲ್ಲಿದ್ದ ಅಜ್ಜಿಯರೆಲ್ಲ ನಕ್ಕರು. ನಮ್ಮ ಟೂರ್ ಲೀಡರ್ ಆಗಿ ಬಂದಿದ್ದ ನಿವೃತ್ತ ಪಾಸ್ಟರ್ ಒಂದು ಚಿಕ್ಕ ಪ್ರಾರ್ಥನೆ ಮಾಡಿ ಆಮೇಲೆ ಯಾರೂ ಮಾತಾಡಬೇಡಿ, ಹತ್ತು ನಿಮಿಷ ಸುಮ್ನೆ ಕೂತಿರಿ ಅಂದರು. ಎಂಟು ದಿನದಲ್ಲಿ ಕಾರ್ಯಕ್ರಮದ ಹಾಳೆಯಲ್ಲೇ ಇದ್ದು ನಿಜಕ್ಕೂ ಚೆನ್ನಾಗಿದ್ದ ಘಳಿಗೆ ಅದೊಂದು.

ಮಿಷನ್‌ಗೆ ಹೋಗುವವರಿಗಾಗಿ ಅಂತ ಮಾಡಿದ ಟೂರ್ ಅಲ್ವಾ, ಹಾಗಾದರೆ ಮೊದಲ ದಿನವೇ ಹೇಳಬೇಕಾದ ಒಂದು ಮಾತನ್ನು ಅವರು ಎಲ್ಲೂ ಹೇಳಲಿಲ್ಲ. ಗ್ರೀಸ್‌ನ ಸಂವಿಧಾನದ 13ನೇ ವಿಧಿ ಬೇರೆಯವರನ್ನು ಮತಕ್ಕೆ ಸೆಳೆಯುವುದನ್ನು ನಿಷೇಧಿಸುತ್ತದೆ, ಅದಕ್ಕೆ ಶಿಕ್ಷೆ ಹಾಕುವ ಕಾನೂನು 1930ರ ದಶಕದಿಂದ ಇದೆ. ಥೆಸಲೋನಿಕದಲ್ಲಿ ನಮ್ಮ ಗುಂಪಿನ ಒಬ್ಬರು ಆರ್ಥೊಡಾಕ್ಸ್ ದೇವಾಲಯದ ಬಾಗಿಲಲ್ಲೇ ನಿಂತು ಕರಪತ್ರ ಹಂಚಲು ಶುರು ಮಾಡಿದರು. ಒಳಗಿಂದ ಬಂದ ಒಬ್ಬ ಮುದುಕರು ಕರಪತ್ರ ತಗೊಂಡು, ಕನ್ನಡಕ ಹಾಕಿಕೊಂಡು ಒಂದು ಸಾಲು ಓದಿ, ನೀಟಾಗಿ ಮಡಿಸಿ ಅವರ ಜೇಬಿಗೇ ವಾಪಸ್ ಇಟ್ಟರು. ಗೈಡ್ ಓಡಿಬಂದು ಬ್ಯಾಗ್ ಮುಚ್ಚಿಸಿದರು. 'ನಾವೂ ಕ್ರೈಸ್ತರೇ, ನಮಗೆ ಪತ್ರ ಬರೆದವನು ಪೌಲ' ಅಂತ ಬಸ್ಸಿನಲ್ಲಿ ಹೇಳುವಾಗ ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. ನನಗೆ ಬಹಳ ನಾಚಿಕೆಯಾಯಿತು.

ಆಮೇಲೆ ಹೋಟೆಲಿನಲ್ಲಿ ಕೂತು ಈ ಕಾನೂನಿನ ಬಗ್ಗೆ ಓದಿದೆವು. ಮಿನೋಸ್ ಕೊಕ್ಕಿನಾಕಿಸ್ ಅನ್ನುವವರ ಕೇಸು ಇದೆ, ಯೆಹೋವನ ಸಾಕ್ಷಿಗಳ ಪಂಗಡದವರು. 1986ರಲ್ಲಿ ಕ್ರೀಟ್‌ನಲ್ಲಿ ಗಂಡ ಹೆಂಡತಿ ಇಬ್ಬರೂ ಒಬ್ಬ ಆರ್ಥೊಡಾಕ್ಸ್ ಹೆಂಗಸಿನ ಮನೆಗೆ ಹೋಗಿ ಮಾತಾಡಿದ್ದಕ್ಕೆ ಇಬ್ಬರಿಗೂ ಶಿಕ್ಷೆಯಾಯಿತು. ಮೇಲಿನ ಕೋರ್ಟು ಹೆಂಡತಿಯನ್ನು ಬಿಟ್ಟಿತು, ಗಂಡನನ್ನು ಬಿಡಲಿಲ್ಲ. ಕೊನೆಗೆ 1993ರಲ್ಲಿ ಯುರೋಪಿನ ಮಾನವ ಹಕ್ಕು ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟು, ನಂಬಿಕೆಯನ್ನು ಹೇಳಿಕೊಳ್ಳುವುದು ಬೇರೆ, ಆಸೆ ತೋರಿಸಿಯೋ ಒತ್ತಾಯ ಮಾಡಿಯೋ ಎಳೆಯುವುದು ಬೇರೆ ಅಂತ ಗೆರೆ ಎಳೆಯಿತು. ಅವರ ಬೋಧನೆ ನಾನು ಒಪ್ಪುವುದಿಲ್ಲ, ಅದು ಬೇರೆ ಮಾತು. ಆದರೆ ಗಂಡ ಹೆಂಡತಿ ಜೊತೆಯಾಗಿ ಸೇವೆಗೆ ಹೊರಡುವವರಿಗೆ ಇದಕ್ಕಿಂತ ಹತ್ತಿರದ ಪಾಠ ಯಾವುದಿದೆ? ಕಂಪನಿಯ 60 ಪುಟದ ಕೈಪಿಡಿಯಲ್ಲಿ ಇದರ ಬಗ್ಗೆ ಒಂದು ಸಾಲಿಲ್ಲ. ಎಲ್ಲಿ ಚರ್ಮದ ಬ್ಯಾಗ್ ಅಗ್ಗ ಅನ್ನುವುದಕ್ಕೆ ಎರಡು ಪುಟ ಇದೆ.

ಅದೇ ಕೈಪಿಡಿಯಲ್ಲಿ ದಿನಕ್ಕೊಂದು ಪ್ರಶ್ನೆ ಕೊಟ್ಟಿದ್ದರು, ಜೋಡಿಯಾಗಿ ಮಾತಾಡಿಕೊಳ್ಳಲು. ಹೆಚ್ಚಿನವು ಸಪ್ಪೆ, 'ಪೌಲನ ಯಾವ ಗುಣ ನಿಮಗೆ ಇಷ್ಟ' ಅನ್ನುವಂಥವು. ಮೂರನೇ ದಿನದ್ದು ಮಾತ್ರ ಹಾಗಿರಲಿಲ್ಲ: 'ನಿಮ್ಮಿಬ್ಬರಲ್ಲಿ ವಾಪಸ್ ಮನೆಗೆ ಹೋಗೋಣ ಅಂತ ಮೊದಲು ಹೇಳುವವರು ಯಾರು?' ಥೆಸಲೋನಿಕದ ಸಮುದ್ರದ ಕಟ್ಟೆಯ ಮೇಲೆ, ಬಿಳಿ ಗೋಪುರದ ಹತ್ತಿರ, ಎಳ್ಳು ಹಚ್ಚಿದ ಬಳೆಯಂಥ ಬ್ರೆಡ್ ಅಲ್ಲಿ ಸಿಗುತ್ತದೆ, ಕುಲೂರಿ ಅಂತ, ಅದನ್ನು ಮುರಿದು ತಿನ್ನುತ್ತ ಇದನ್ನು ಓದಿದೆವು. ಇವರು ಯೋಚಿಸದೆ 'ನೀನೇ' ಅಂದರು. ನಾನು ಬ್ರೆಡ್ ಕೆಳಗಿಟ್ಟೆ.

ಮದುವೆಯಾದ ಮೇಲೆ ನಮ್ಮ ಮೊದಲ ಜಗಳ ಅದು. 'ನಾನು ಕೆಲಸ ಬಿಟ್ಟು ಬಂದಿದ್ದೀನಿ ರೀ, ನೀವು ಏನು ಬಿಟ್ಟಿದ್ದೀರಿ' ಅಂದೆ. ಅನ್ನಬಾರದಿತ್ತು, ಅವರೂ ಬಿಟ್ಟೇ ಬಂದವರು. ಅರ್ಧ ಗಂಟೆ ಇಬ್ಬರೂ ಸಮುದ್ರ ನೋಡುತ್ತ ಕೂತೆವು. ಕೊನೆಗೆ ಅವರೇ 'ನಾನು ಅಂದದ್ದು ನಿನ್ನ ಧೈರ್ಯದ ಮಾತಲ್ಲ, ನಿನಗೆ ಅನ್ನಿಸಿದ್ದನ್ನ ನೀನು ಹೇಳ್ತೀಯಾ, ನಾನು ಹೇಳದೆ ಒಳಗೊಳಗೇ ಕೊರಗ್ತೀನಿ, ಅದಕ್ಕೆ ನೀನೇ ಮೊದಲು ಅಂದೆ' ಅಂದರು. ಬಸ್ಸಿಗೆ ಇನ್ನು ಎಂಟು ನಿಮಿಷ ಇತ್ತು. ಆ ಜಗಳವನ್ನು ಅಲ್ಲಿಗೇ ಗಂಟು ಕಟ್ಟಿ ಬಸ್ಸು ಹತ್ತಿದೆವು, ಮುಗಿಸಿದ್ದು ಟೂರಿನ ಕೊನೆಯ ದಿನ. ಜೋಡಿಗಳಿಗಾಗಿ ಮಾಡಿದ ಟೂರಿನಲ್ಲಿ ಜೋಡಿಗಳು ಮಾತಾಡಲು ದಿನಕ್ಕೆ ಒಂದು ಗಂಟೆ ಇರುವುದಿಲ್ಲ, ನನ್ನ ದೊಡ್ಡ ತಕರಾರು ಇದೇ. ಬೆಳಗ್ಗೆ 6:30ಕ್ಕೆ ಏಳಿಸುತ್ತಾರೆ, ರಾತ್ರಿ 9:30ಕ್ಕೆ ಧ್ಯಾನಕೂಟ, ನಡುವೆ ಹತ್ತು ಸಲ ಬಸ್ಸು ಹತ್ತಿ ಇಳಿ. ಧ್ಯಾನಕೂಟದಲ್ಲಿ ಮುಕ್ಕಾಲು ಜನ ತೂಕಡಿಸುತ್ತಿದ್ದರು, ನಾನೂ.

ಥೆಸಲೋನಿಕದಲ್ಲಿ ನಾವು ತಪ್ಪಿಸಿಕೊಂಡು ಒಂದು ಜಾಗ ನೋಡಿದೆವು. 2024ರ ನವೆಂಬರ್ 30ರಂದು ಅಲ್ಲಿ ಮೆಟ್ರೋ ಶುರುವಾಗಿದೆ. ವೆನಿಜೆಲೂ ನಿಲ್ದಾಣದ ಒಳಗೇ, ಅಗೆಯುವಾಗ ಸಿಕ್ಕ ಹಳೆಯ ಊರಿನ ಅಮೃತಶಿಲೆಯ ಬೀದಿಯನ್ನು ಹಾಗೇ ಉಳಿಸಿಕೊಂಡಿದ್ದಾರೆ, ಜನ ಆಫೀಸಿಗೆ ಹೋಗುವವರು ಅದರ ಪಕ್ಕದಲ್ಲೇ ಓಡುತ್ತಿರುತ್ತಾರೆ. ಪೌಲನ ಕಾಲದ್ದಲ್ಲ, ಕೆಲವು ನೂರು ವರ್ಷ ಈಚಿನದು. ಆದರೂ ಅವನು ಕಾಗದ ಬರೆದದ್ದು ಈ ಊರಿನವರಿಗಲ್ವಾ, ನಮಗೆ ಸಿಕ್ಕಿರುವ ಅವನ ಪತ್ರಗಳಲ್ಲಿ ಎಲ್ಲಕ್ಕಿಂತ ಹಳೆಯದು ಥೆಸಲೋನಿಕದವರಿಗೆ ಬರೆದ ಮೊದಲನೆಯದೇ ಅಂತ ಹೆಚ್ಚಿನ ಪಂಡಿತರು ಹೇಳುತ್ತಾರೆ, ಆ ಊರಿನ ಜನ ಬ್ಯಾಗ್ ಹಿಡಿದು ಓಡುವುದನ್ನು ನೋಡುತ್ತ ನಿಲ್ಲುವುದು ಅವಶೇಷ ನೋಡುವುದಕ್ಕಿಂತ ಖುಷಿ ಕೊಟ್ಟಿತು.

ಬೆರೋಯ ಚೆಂದದ ಊರು, ಪೌಲ ನಿಂತು ಮಾತಾಡಿದ ಜಾಗ ಅಂತ ಹೊಳೆಯುವ ಮೊಸಾಯಿಕ್ ಚಿತ್ರಗಳ ಸ್ಮಾರಕ ಇದೆ, 25 ನಿಮಿಷ ಸಾಕು. ಮೆಟಿಯೋರಾಕ್ಕೂ ಪೌಲನಿಗೂ ಏನೂ ಸಂಬಂಧವಿಲ್ಲ, ದಾರಿಯಲ್ಲಿದೆ ಅಂತ ಸೇರಿಸಿದ್ದಾರೆ. ಸೇರಿಸಿದ್ದು ಒಳ್ಳೆಯದೇ ಆಯಿತು. ಗೋಪುರದಂಥ ಬಂಡೆಗಳ ತುದಿಯಲ್ಲಿ ಮಠಗಳು, ಈಗ ಆರರಲ್ಲಿ ಮಾತ್ರ ಸನ್ಯಾಸಿಗಳೋ ಸನ್ಯಾಸಿನಿಯರೋ ಇದ್ದಾರೆ. ಹೆಂಗಸರು ಲಂಗ ಉಟ್ಟೇ ಒಳಗೆ ಹೋಗಬೇಕು, ಪ್ಯಾಂಟ್ ಎಷ್ಟು ದೊಗಳೆ ಇದ್ದರೂ ನಡೆಯುವುದಿಲ್ಲ. ಬಾಗಿಲಲ್ಲಿ ಒಂದು ಬುಟ್ಟಿ ತುಂಬ ಸೊಂಟಕ್ಕೆ ಸುತ್ತಿಕೊಳ್ಳುವ ಬಟ್ಟೆ ಇಟ್ಟಿರುತ್ತಾರೆ. ನನಗೆ ಸಿಕ್ಕಿದ್ದರ ದಾರ ಒಂದು ಕಡೆ ಕಿತ್ತುಹೋಗಿತ್ತು, ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡೇ ನೂರಾರು ಮೆಟ್ಟಿಲು ಹತ್ತಿದೆ. ಹಿಂದಿನ ರಾತ್ರಿ ಕೆಳಗಿನ ಊರಿನ ಹೋಟೆಲಿನಲ್ಲಿ ಬಾಗಿಲು ತೆಗೆದರೆ ಎರಡು ಒಂಟಿ ಮಂಚ, ನಡುವೆ ಗೋಡೆಗೆ ಕಚ್ಚಿಸಿದ ಮೇಜು, ಅಲುಗಿಸಲೂ ಆಗದು. ಹೊಸ ದಂಪತಿಗಳಾ ಅನ್ನುವ ಚೌಕಕ್ಕೆ ಹಾಕಿದ ಟಿಕ್ ನನ್ನ ಹೆಸರು ಕೆಡಿಸುವುದಕ್ಕೆ ಮಾತ್ರ ಉಪಯೋಗವಾಯಿತು ಅಂತ ಕಾಣುತ್ತದೆ.

ಅಥೆನ್ಸ್‌ಗೆ ಬಂದದ್ದು ಶನಿವಾರ ರಾತ್ರಿ. ಭಾನುವಾರ ಬೆಳಗ್ಗೆಯ ಕಾರ್ಯಕ್ರಮ ಏನು ಗೊತ್ತಾ? 'ಶಾಪಿಂಗ್‌ಗೆ ಬಿಡುವು.' ಕ್ರೈಸ್ತ ಟೂರ್, ಭಾನುವಾರ, ಶಾಪಿಂಗ್! ನಾವು ನಾಲ್ಕು ಜನ ಸೇರಿಕೊಂಡು ಹೇಡ್ರಿಯನ್ ಕಮಾನಿನ ಹತ್ತಿರ ಇರುವ ಗ್ರೀಕ್ ಇವಾಂಜೆಲಿಕಲ್ ಸಭೆಗೆ, ಅಂದರೆ ಅಲ್ಲಿನ ಪ್ರೊಟೆಸ್ಟೆಂಟರ ಸಭೆಗೆ, ಹೋದೆವು. ಒಂದು ಪದ ಅರ್ಥವಾಗಲಿಲ್ಲ. ಎರಡನೇ ಕೀರ್ತನೆಯ ರಾಗ ಗೊತ್ತಿತ್ತು, ನಾವು ನಮ್ಮ ಭಾಷೆಯಲ್ಲೇ ಮೆಲ್ಲಗೆ ಹಾಡಿಕೊಂಡೆವು, ಮುಂದಿನ ಸಾಲಿನ ಅಜ್ಜಿ ತಿರುಗಿ ನೋಡಿ ತಮ್ಮ ಹಾಡಿನ ಪುಸ್ತಕವನ್ನು ನಮ್ಮ ಕೈಗೆ ಕೊಟ್ಟರು, ನಾವು ಆ ಅಕ್ಷರ ಓದಬಲ್ಲೆವೇನೋ ಅನ್ನುವ ಹಾಗೆ. ಪಾಪ, ಉಳಿದ ಆರಾಧನೆಯೆಲ್ಲ ಅವರು ಬಾಯಿಪಾಠದಲ್ಲೇ ಹಾಡಿದರು. ಪುಸ್ತಕ ನಮ್ಮ ಹತ್ತಿರವೇ ಇತ್ತು, ತಲೆಕೆಳಗಾಗಿ ಹಿಡಿದಿದ್ದೇನೆ ಅಂತ ಇವರು ತಿವಿದು ಹೇಳಿದ ಮೇಲೇ ನನಗೆ ಗೊತ್ತಾಗಿದ್ದು.

ಗುಡ್ಡದ ಮೇಲೆ ಹಳೆಯ ಗುಡಿಗಳಿರುವ ಅಕ್ರೊಪೊಲಿಸ್‌ನ ಟಿಕೆಟ್ 30 ಯೂರೋ ಆಗಿದೆ, ಮೊದಲು 20 ಇತ್ತು, ಸಮಯವನ್ನೂ ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಪ್ಯಾಕೇಜಿನಲ್ಲಿ ಇದು ಸೇರಿಲ್ಲ, ಕೇಳಿದರೆ 'ಪೌಲನ ಸ್ಥಳಗಳು ಮಾತ್ರ ಸೇರಿವೆ' ಅಂತ ಉತ್ತರ. ಪೌಲನ ಸ್ಥಳವಾದ ಅರಿಯೊಪಾಗ ಅನ್ನುವ ಬಂಡೆಗೆ ಟಿಕೆಟ್ಟೇ ಇಲ್ಲ, ಅದು ಎಲ್ಲರಿಗೂ ಬಿಟ್ಟಿ! ಬಂಡೆಯ ಬುಡದಲ್ಲಿ, ಅವನು ಇಲ್ಲಿ ಮಾಡಿದ ಭಾಷಣವನ್ನು, ಬೈಬಲಿನ ಅಪೊಸ್ತಲರ ಕೃತ್ಯಗಳು 17ರದ್ದು, ಗ್ರೀಕಿನಲ್ಲಿ ಬರೆದ ಕಂಚಿನ ಫಲಕ ಇದೆ. ಮೇಲೆ ಹತ್ತಲು ಕಬ್ಬಿಣದ ಮೆಟ್ಟಿಲು ಹಾಕಿದ್ದಾರೆ. ಬಂಡೆ ಕಾಲು ತಾಗಿ ತಾಗಿ ಗಾಜಿನಂತೆ ನುಣುಪಾಗಿದೆ, ಚಪ್ಪಲಿಯಲ್ಲಿ ಹತ್ತಬೇಡಿ. ಅಲ್ಲಿ ನಿಂತರೆ ಒಂದು ಕಡೆ ಮೇಲೆ ಅಕ್ರೊಪೊಲಿಸ್, ಕೆಳಗೆ ಹಳೆಯ ಪೇಟೆ. ಕೈಯಿಂದ ಕಟ್ಟಿದ ಗುಡಿಗಳಲ್ಲಿ ದೇವರು ವಾಸಮಾಡುವುದಿಲ್ಲ ಅನ್ನುವ ಮಾತನ್ನು ಎಂಥ ಗುಡಿಗಳ ನಡುವೆ ನಿಂತು ಹೇಳಿದ್ದಾನೆ ಅಂತ ಅಲ್ಲಿಗೆ ಹೋಗದೆ ತಿಳಿಯುವುದು ಕಷ್ಟ.

ಕೊರಿಂಥಕ್ಕೆ ಇಟ್ಟದ್ದು ಕೊನೆಯ ದಿನ. ನಾನು ಈ ಟೂರಿಗೆ ಒಪ್ಪಿದ್ದೇ ಕೊರಿಂಥಕ್ಕಾಗಿ, ಯಾಕೆಂದರೆ ಅಕ್ವಿಲ ಪ್ರಿಸ್ಕಿಲ್ಲರ ಊರು ಅದು. ಚಕ್ರವರ್ತಿ ಕ್ಲೌದ್ಯ ಯೆಹೂದ್ಯರನ್ನು ರೋಮಿನಿಂದ ಓಡಿಸಿದಾಗ ಬಂದು ಇಲ್ಲಿ ಗುಡಾರ ಮಾಡುತ್ತಿದ್ದ ಗಂಡ ಹೆಂಡತಿ, ಪೌಲನನ್ನು ಮನೆಯಲ್ಲಿ ಇಟ್ಟುಕೊಂಡು ಅವನ ಜೊತೆಗೇ ಕೆಲಸ ಮಾಡಿದವರು. ಹೊಸ ಒಡಂಬಡಿಕೆಯಲ್ಲಿ ಆರು ಕಡೆ ಅವರ ಹೆಸರು ಬರುತ್ತದೆ, ಆರರಲ್ಲೂ ಜೋಡಿಯಾಗಿಯೇ, ಒಬ್ಬರದ್ದೇ ಒಂದು ಸಲವೂ ಇಲ್ಲ. ಹೆಚ್ಚಿನ ಕಡೆ ಅವಳ ಹೆಸರೇ ಮೊದಲು, ಇದನ್ನು ನಾನು ಇವರಿಗೆ ಆಗಾಗ ನೆನಪಿಸುತ್ತಿರುತ್ತೇನೆ.

ಕಂಪನಿಯ ಹಾಳೆ ಹೀಗಿತ್ತು: ಕೊರಿಂಥ ಕಾಲುವೆ 20 ನಿಮಿಷ, ಹಳೆ ಕೊರಿಂಥ 50 ನಿಮಿಷ, ಮಣ್ಣಿನ ಪಾತ್ರೆ ಅಂಗಡಿ ಮತ್ತು ಊಟ 2 ಗಂಟೆ. ಕಾಲುವೆ ನೋಡುವಂಥದ್ದೇ, ರೋಮಿನ ಚಕ್ರವರ್ತಿ ನೀರೋ ಅಗೆಸಲು ಹೊರಟು ಅರ್ಧಕ್ಕೇ ಬಿಟ್ಟದ್ದನ್ನು 1893ರಲ್ಲಿ ಮುಗಿಸಿದರು, ಆರು ಕಿಲೋಮೀಟರಿಗಿಂತ ಸ್ವಲ್ಪ ಉದ್ದ, ಮೇಲಿನ ಸೇತುವೆಯಿಂದ ಬಗ್ಗಿದರೆ ತಲೆ ತಿರುಗುತ್ತದೆ. ಆದರೆ ಊರಿಗೆ 50 ನಿಮಿಷ ಅಂದರೇನು! ಪೌಲ ಒಂದೂವರೆ ವರ್ಷ ಇದ್ದ ಊರು. ರೋಮಿನ ಅಧಿಪತಿ ಗಲ್ಲಿಯೋನನ ಮುಂದೆ ಅವನನ್ನು ನಿಲ್ಲಿಸಿದ ನ್ಯಾಯಪೀಠದ ಕಟ್ಟೆ ಚೌಕದ ನಡುವೆ ಇದೆ. ಗಲ್ಲಿಯೋನನ ಹೆಸರಿರುವ ಶಾಸನದ ತುಂಡುಗಳು ಡೆಲ್ಫಿಯಲ್ಲಿ ಸಿಕ್ಕಿದ್ದರಿಂದಲೇ ಪೌಲ ಅಲ್ಲಿದ್ದದ್ದು ಕ್ರಿ.ಶ. 51ರ ಸುಮಾರು ಅಂತ ಹೇಳಲು ಆಗುವುದು, ಅವನ ಬದುಕಿನ ಉಳಿದ ತಾರೀಕುಗಳನ್ನೆಲ್ಲ ಇದನ್ನು ಹಿಡಿದೇ ಲೆಕ್ಕ ಹಾಕುತ್ತಾರೆ ಅಂತ ಗೈಡ್ ಹೇಳುತ್ತಿದ್ದಾಗ ಆಗಲೇ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಅಪೊಲ್ಲೊ ಗುಡಿಯ ಏಳು ಕಂಬಗಳನ್ನು ನಡೆಯುತ್ತಲೇ ನೋಡಿದೆವು.

ಅಂಗಡಿಗೆ ನಾವು ಹೋಗಲಿಲ್ಲ. ಗೈಡ್ ಹತ್ತಿರ ಹೋಗಿ 'ಕೆಂಖ್ರೆ ಎಷ್ಟು ದೂರ ಮೇಡಂ' ಅಂದೆ. ಅವರು ನನ್ನನ್ನೇ ಒಂದು ಕ್ಷಣ ನೋಡಿ, ತಮ್ಮ ಫೋನಿನಿಂದಲೇ ಟ್ಯಾಕ್ಸಿ ಕರೆಸಿದರು. ಟೂರ್ ಲೀಡರ್ 'ನಮ್ಮ ಜವಾಬ್ದಾರಿ ಇಲ್ಲ' ಅನ್ನುವ ಕಾಗದಕ್ಕೆ ಸಹಿ ಹಾಕಿಸಿಕೊಂಡು, ಆಮೇಲೆ ಗುಟ್ಟಾಗಿ 'ಹೋಗಿ ಬನ್ನಿ ಮಕ್ಕಳೇ, ನನಗೂ ಬರಬೇಕು ಅನ್ನಿಸುತ್ತೆ' ಅಂದರು. ಹೋಗಲು, ಅಲ್ಲಿ ಕಾಯಲು, ವಾಪಸ್ ಕಾಲುವೆ ಹತ್ತಿರದ ಬಸ್ ನಿಲ್ದಾಣಕ್ಕೆ ಬಿಡಲು ಎಲ್ಲ ಸೇರಿ 45 ಯೂರೋ ಆಯಿತು.

ಕೆಂಖ್ರೆ ಕೊರಿಂಥದ ಪೂರ್ವದ ಬಂದರು. ಈಗ ಟಿಕೆಟ್ಟಿಲ್ಲ, ಅಂಗಡಿಯಿಲ್ಲ, ನಾವು ಹೋದಾಗ ಒಬ್ಬ ಮುದುಕ ಗಾಳ ಹಾಕಿಕೊಂಡು ಕೂತಿದ್ದ, ಅಷ್ಟೇ. ಹಳೆಯ ಕಟ್ಟೆ ಅರ್ಧ ದಡದಲ್ಲಿದೆ, ಅರ್ಧ ಸಮುದ್ರದೊಳಗೆ ಇಳಿದುಹೋಗಿದೆ, ನೀರು ಎಷ್ಟು ತಿಳಿ ಅಂದರೆ ಗೋಡೆಯ ಸಾಲುಗಳು ಕೆಳಗೆ ಕಾಣುತ್ತವೆ, ಅದರ ಮೇಲೆ ಸಣ್ಣ ಮೀನುಗಳು. ಪೌಲ ತನ್ನ ಪತ್ರದಲ್ಲಿ ಹೊಗಳುವ ಫೊಯಿಬೆ ಇದೇ ಊರಿನ ಸಭೆಯವಳು. ಪೌಲ ಹರಕೆ ತೀರಿಸಿ ತಲೆಕೂದಲು ಕತ್ತರಿಸಿಕೊಂಡದ್ದು ಇಲ್ಲೇ. ಅಪೊಸ್ತಲರ ಕೃತ್ಯಗಳು 18:18 ಓದಿ, ಅವನು ಇಲ್ಲಿಂದ ಹಡಗು ಹತ್ತುವಾಗ ಪ್ರಿಸ್ಕಿಲ್ಲ ಅಕ್ವಿಲರೂ ಜೊತೆಗಿದ್ದರು. ಒಂದು ಸಲ ರೋಮಿನಿಂದ ಓಡಿಸಿಕೊಂಡು ಬಂದು, ಇಲ್ಲಿ ಮನೆ, ಕೆಲಸ, ಸಭೆ ಎಲ್ಲ ಕೂಡಿ ಬಂದ ಮೇಲೆ ಮತ್ತೆ ಗಂಟುಮೂಟೆ ಕಟ್ಟಿ ಎಫೆಸಕ್ಕೆ ಹೊರಟ ಜೋಡಿ. ಸೇವೆಗೆ ಹೊರಡುವ ದಂಪತಿಗಳಿಗೆ ಅಂತ ಟೂರ್ ಮಾಡಿ ಈ ಬಂದರನ್ನೇ ಬಿಟ್ಟಿದ್ದಾರಲ್ಲ, ಏನು ಹೇಳಬೇಕು!

ಕಟ್ಟೆಯ ಮೇಲೆ ಕೂತು ಬ್ರೆಡ್ಡು, ಚೀಸು ತಿಂದೆವು. ಥೆಸಲೋನಿಕದ ಜಗಳದ ಗಂಟು ಬಿಚ್ಚಿದ್ದು ಇಲ್ಲಿ. ಆ ಪ್ರಶ್ನೆಗೆ ನಾನೂ ಉತ್ತರ ಹೇಳಿದೆ, ಅದು ನಮ್ಮಿಬ್ಬರದ್ದೇ, ಇಲ್ಲಿ ಬರೆಯುವುದಿಲ್ಲ. ಟ್ಯಾಕ್ಸಿಯವನು ಕಾರಿನಲ್ಲೇ ಗೊರಕೆ ಹೊಡೆಯುತ್ತಿದ್ದ, ಎಬ್ಬಿಸಲು ಮನಸ್ಸಾಗದೆ ಇನ್ನೂ ಇಪ್ಪತ್ತು ನಿಮಿಷ ಅಲ್ಲೇ ಇದ್ದೆವು. ಅಥೆನ್ಸ್‌ಗೆ ಲೈನ್ ಬಸ್ಸಿನಲ್ಲಿ ಆರಾಮಾಗಿ ಬಂದೆವು, ಕಂಪನಿ ಬಸ್ಸು ನಮಗಿಂತ ಆಮೇಲೆ ಬಂತು.

ಅಂಕ ಕೇಳಿದರೆ 5ಕ್ಕೆ 3. ಗೈಡ್, ವೀಸಾ ಸಹಾಯ, ಟೂರ್ ಲೀಡರ್, ಈ ಮೂವರಿಗೆ ಮೂರು. ಅಪ್ಪ ಅಮ್ಮನನ್ನು ಕಳಿಸುವುದಾದರೆ ಕಣ್ಣು ಮುಚ್ಚಿ ಕಳಿಸಿ, ನಡೆಯಲು ಆಗದವರಿಗೆ, ಭಾಷೆಗೆ ಹೆದರುವವರಿಗೆ ಇಂಥ ಬಸ್ಸು ಒಳ್ಳೆಯದು. ಹೊಸ ಜೋಡಿಗಳು ನಾಲ್ಕೇ ಊರು ಇಟ್ಟುಕೊಳ್ಳಿ, ಥೆಸಲೋನಿಕ, ಕವಾಲ, ಅಥೆನ್ಸ್, ಕೊರಿಂಥ, ಊರಿಂದೂರಿಗೆ ಲೈನ್ ಬಸ್ಸುಗಳಿವೆ, ಫಿಲಿಪ್ಪಿಗೂ ಕೊರಿಂಥಕ್ಕೂ ಮಾತ್ರ ಅರ್ಧ ದಿನಕ್ಕೆ ಲೈಸೆನ್ಸ್ ಇರುವ ಗೈಡ್ ಮಾಡಿಕೊಳ್ಳಿ. ಪ್ಯಾಕೇಜೇ ಬೇಕು ಅಂದರೆ ದುಡ್ಡು ಕಟ್ಟುವ ಮೊದಲು ಗಂಟೆ ಗಂಟೆಯ ಕಾರ್ಯಕ್ರಮ ಕೇಳಿ ತರಿಸಿಕೊಳ್ಳಿ, 'ಊಟ ಮತ್ತು ಭೇಟಿ' ಅಂತ ಇರುವಲ್ಲೆಲ್ಲ ಅಂಗಡಿ ಇರುತ್ತದೆ. ಗೈಡ್‌ಗೂ ಡ್ರೈವರ್‌ಗೂ ಟಿಪ್ಸ್ ಬೇರೆ ಕೊಡಬೇಕು, ಅದನ್ನು ಕೊನೆಯ ದಿನ ಬಸ್ಸಿನಲ್ಲಿ ಲಕೋಟೆ ಹಂಚಿದಾಗ ಹೇಳಿದರು. ಇನ್ನೊಂದು ಚಿಕ್ಕ ವಿಷಯ, ಅಲ್ಲಿ ಟಾಯ್ಲೆಟ್ ಪೇಪರನ್ನು ಕಮೋಡಿಗೆ ಹಾಕಬಾರದು, ಪಕ್ಕದ ಡಬ್ಬಿಗೆ ಹಾಕಬೇಕು, ಪೈಪು ಸಣ್ಣದು. ಮೊದಲ ದಿನ ನಮಗೆ ಯಾರೂ ಹೇಳಿರಲಿಲ್ಲ. ಏನಾಯಿತು ಅಂತ ವಿವರಿಸುವುದು ಬೇಡ.

80 ಯೂರೋದಲ್ಲಿ 40 ವಾಪಸ್ ಬಂದಿದೆ. ಮಿಕ್ಕ 40 ಕೇಳಿ ಹೋದ ವಾರ ಮತ್ತೆ ಬರೆದಿದ್ದೆ, ನಿನ್ನೆ ಉತ್ತರ ಬಂತು, 'ಪ್ರಿಯ ಶ್ರೀಮತಿ' ಅಂತ, ಮುಂದೆ ಅದೇ ತಪ್ಪು ಹೆಸರು.